ಗೋಧಿಯ ಗುಣ ಅರಿತ ವಾವಿಲೋವ್

ಚಪಾತಿ, ಬ್ರೆಡ್ಡು, ಉಪ್ಪಿಟ್ಟಿನ ರವೆ ಎಲ್ಲವೂ ಗೋಧಿಯಿಂದಲೇ ಬರುತ್ತವೆ. ಆದರೆ ಎಲ್ಲ ಗೋಧಿಯ ಸ್ವಭಾವವೂ ಒಂದೇ ಅಲ್ಲ. ಈ ಸ್ವಭಾವಗಳನ್ನು ಅರಿಯಲು ದೇಶದೇಶಗಳನ್ನು ಸುತ್ತಿದವರು ರಷ್ಯಾದ ವಿಜ್ಞಾನಿ ನಿಕೊಲಾಯ್ ವಾವಿಲೋವ್. 1887ರಲ್ಲಿ ಮಾಸ್ಕೋದ ವ್ಯಾಪಾರಿಯೊಬ್ಬರ ಮನೆಯಲ್ಲಿ ಹುಟ್ಟಿದ ಇವರು ಕೃಷಿಶಾಸ್ತ್ರ ಓದಿ, ಇರಾನ್, ಅಫ್ಘಾನಿಸ್ತಾನ, ಇಥಿಯೋಪಿಯ ಮೊದಲಾದ ಕಡೆ ತಿರುಗಿ ಬೀಜಗಳನ್ನು ಕೂಡಿಹಾಕಿದರು. ತಮ್ಮ ನಾಡಿನಲ್ಲಿ ಬರಗಾಲ ಇರಬಾರದೆಂಬುದೇ ಅವರ ಹಂಬಲ.

ಅಲ್ಲಿನ ರೈತರು ಬೆಳೆಯುವುದು ಎರಡು ಬಗೆಯ ಗೋಧಿ. ಚಳಿಗಾಲದ ಗೋಧಿಯನ್ನು ಹಿಮ ಬೀಳುವ ಮುಂಚೆಯೇ ಬಿತ್ತುತ್ತಾರೆ. ಸಸಿ ಹಿಮದ ಕೆಳಗೆ ಕಾಯುತ್ತದೆ. ಸೊನ್ನೆಯಿಂದ ಹತ್ತು ಡಿಗ್ರಿಯೊಳಗಿನ ಚಳಿ ಕೆಲವು ವಾರ ಸಿಕ್ಕರೆ ಮಾತ್ರ ಅದು ತೆನೆಗೆ ಸಿದ್ಧವಾಗುತ್ತದೆ. ಅದನ್ನೇ ವಸಂತದ ಕೊನೆಗೆ ಬಿತ್ತಿ ನೋಡಿ: ಹುಲ್ಲಿನಂತೆ ಎಲೆ ಬಿಡುತ್ತಲೇ ಇರುತ್ತದೆ, ತೆನೆ ಮಾತ್ರ ಇಲ್ಲ! ವಸಂತದ ಗೋಧಿಗೆ ಅಂಥ ಚಳಿ ಬೇಕಿಲ್ಲ. ತಡವಾಗಿ ಬಿತ್ತಿದರೂ ತೆನೆ ಬರುತ್ತದೆ, ಆದರೆ ಬೆಳೆಯಲು ದಿನ ಸಾಲದೆ ಇಳುವರಿ ಕಡಿಮೆ. ಇವೆರಡರ ನಡುವಿನ ತಳಿಗಳೂ ಇವೆ. (ನಮ್ಮ ಧಾರವಾಡ, ವಿಜಯಪುರದ ಹಿಂಗಾರಿ ಗೋಧಿ ಚಳಿ ಬೇಡದ ಈ ಎರಡನೆಯ ಗುಂಪಿನದು.)

1929ರ ಸುಮಾರಿಗೆ ಟ್ರೋಫಿಮ್ ಲೈಸೆಂಕೊ ಎಂಬವರು ಚಳಿಗಾಲದ ಗೋಧಿಯ ಬೀಜವನ್ನು ನೆನೆಸಿ, ತಣ್ಣಗಿಟ್ಟು, ವಸಂತದಲ್ಲಿ ಬಿತ್ತಿ ತೆನೆ ಬರಿಸಿ ಹೆಸರಾದರು. ಇದು ಸುಳ್ಳಲ್ಲ. ಜರ್ಮನಿಯ ಗಸ್ನರ್ 1918ರಲ್ಲೇ ಚಳಿಯ ಈ ಪರಿಣಾಮವನ್ನು ತೋರಿಸಿದ್ದರು. ದೂರದೂರದ ತಳಿಗಳಿಗೆ ಲೆನಿನ್‌ಗ್ರಾಡಿನಲ್ಲೇ ತೆನೆ ಬರಿಸಿ ಸಂಕರ ಮಾಡಬಹುದೆಂದು ವಾವಿಲೋವರೂ ಮೊದಮೊದಲು ಬೆಂಬಲಿಸಿದರು. ಆದರೆ ಹೀಗೆ ಚಳಿ ಕೊಟ್ಟರೆ ಗೋಧಿಯ ಹುಟ್ಟುಗುಣವೇ ಬದಲಾಗಿ ಮುಂದಿನ ಪೀಳಿಗೆಗೂ ಇಳಿಯುತ್ತದೆಂದು ಲೈಸೆಂಕೊ ವಾದಿಸತೊಡಗಿದಾಗ ವಾವಿಲೋವ್ ಒಪ್ಪಲಿಲ್ಲ. ಒಪ್ಪಿದ್ದರೆ ಬಹುಶಃ ಬದುಕುಳಿಯುತ್ತಿದ್ದರೇನೋ ಎಂದು ನಮಗೆ ಅನ್ನಿಸುತ್ತದೆ. ಏಕೆಂದರೆ ಸ್ಟಾಲಿನ್ ಸರ್ಕಾರ ಲೈಸೆಂಕೊ ಕಡೆಗಿತ್ತು. ಹಿಂದೆ ವಾವಿಲೋವ್ ಕುಳಿತಿದ್ದ ಕೃಷಿ ಅಕಾಡೆಮಿಯ ಅಧ್ಯಕ್ಷ ಪೀಠ 1938ರಲ್ಲಿ ಲೈಸೆಂಕೊ ಅವರದಾಯಿತು.

1940ರ ಆಗಸ್ಟ್‌ನಲ್ಲಿ ಸಸ್ಯಗಳನ್ನು ಹುಡುಕಿಕೊಂಡು ಹೋಗಿದ್ದಾಗಲೇ ವಾವಿಲೋವರ ಬಂಧನವಾಯಿತು. ಮೊದಲು ಮರಣದಂಡನೆ, ಆಮೇಲೆ ಅದನ್ನು ಇಳಿಸಿ 20 ವರ್ಷದ ಸೆರೆ. ಒಂದು ಕಾಲಕ್ಕೆ ತಾವೇ ಪಾಠ ಹೇಳಿದ್ದ ಸರಾತೋವ್ ಊರಿನ ಸೆರೆಮನೆಯಲ್ಲಿ 1943ರ ಜನವರಿ 26ರಂದು ಹಸಿವಿನಿಂದ ಸೊರಗಿ ತೀರಿಕೊಂಡರು. ಅತ್ತ ಶತ್ರು ಸೇನೆ ಮುತ್ತಿದ್ದ ಲೆನಿನ್‌ಗ್ರಾಡಿನಲ್ಲಿ ಅವರ ಸಂಸ್ಥೆಯ ಹಲವರು ಹಸಿವಿಗೇ ಬಲಿಯಾದರು, ಕೈಗೆಟುಕುವಲ್ಲೇ ಇದ್ದ ಬೀಜವನ್ನು ತಿನ್ನಲಿಲ್ಲ.

1955ರಲ್ಲಿ ಸರ್ಕಾರ ವಾವಿಲೋವರನ್ನು ನಿರ್ದೋಷಿಯೆಂದು ಘೋಷಿಸಿತು. ಗೋಧಿಗೆ ಚಳಿ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವ ಮುಖ್ಯ ಜೀನ್‌ಗಳಲ್ಲಿ ಒಂದನ್ನು ವಿಜ್ಞಾನಿಗಳು 2003ರಲ್ಲಿ ಗುರುತಿಸಿದರು.