ನೋಡುವುದನ್ನೇ ಕಸುಬು ಮಾಡಿಕೊಂಡ ಡಾಕ್ಟರ್ ಶಾರ್ಕೋ

ಪ್ಯಾರಿಸ್‌ನ ಕುದುರೆಗಾಡಿ ತಯಾರಕನೊಬ್ಬನಿಗೆ ತನ್ನ ಗಂಡುಮಕ್ಕಳನ್ನೆಲ್ಲ ಓದಿಸುವಷ್ಟು ದುಡ್ಡಿರಲಿಲ್ಲ. ಯಾರು ಚೆನ್ನಾಗಿ ಓದುತ್ತಾನೋ ಅವನಿಗಷ್ಟೇ ಕಾಲೇಜು, ಉಳಿದವರು ಬೇರೆ ದಾರಿ ನೋಡಿಕೊಳ್ಳಬೇಕು ಎಂದು ಆತ ತೀರ್ಮಾನಿಸಿದನಂತೆ. ಕಾಲೇಜಿನ ಪಾಲು ಸಿಕ್ಕಿದ್ದು 1825ರ ನವೆಂಬರ್ 29ರಂದು ಹುಟ್ಟಿದ ಝಾಂ ಮಾರ್ತಾಂ ಶಾರ್ಕೋಗೆ. ಮಾತು ಕಡಿಮೆ, ಕೈಯಲ್ಲಿ ಸದಾ ಪೆನ್ಸಿಲ್. ಚಿತ್ರಕಾರನಾಗಬೇಕೋ ಡಾಕ್ಟರಾಗಬೇಕೋ ಎಂಬ ಗೊಂದಲ ಅವನಿಗೆ ಬಹುಕಾಲ ಇತ್ತು. ಕೊನೆಗೆ ಡಾಕ್ಟರಾದ. ಆದರೆ ಚಿತ್ರಕಾರನ ಕಣ್ಣನ್ನು ಬಿಡಲಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗಳ ಕಾಟ ನಮಗಷ್ಟೇ ಅಂದುಕೊಳ್ಳಬೇಡಿ. ವೈದ್ಯಕೀಯ ಕಾಲೇಜಿನ ಬೋಧಕ ಹುದ್ದೆಗೆ ಫ್ರಾನ್ಸ್‌ನಲ್ಲಿ ಆಗಲೂ ಕಠಿಣ ಪರೀಕ್ಷೆಯಿತ್ತು. 1857ರಲ್ಲಿ ಶಾರ್ಕೋ ಅದರಲ್ಲಿ ಫೇಲಾದ. ಮೂರು ವರ್ಷದ ಬಳಿಕ ಮತ್ತೆ ಕೂತು ಪಾಸಾದ. 1862ರಲ್ಲಿ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ವಿಭಾಗವೊಂದರ ಮುಖ್ಯ ವೈದ್ಯನ ಜಾಗ ಸಿಕ್ಕಿತು. ಹೆಸರು ಮಾಡಬೇಕೆಂದುಕೊಂಡ ಯುವ ವೈದ್ಯರು ಸಾಮಾನ್ಯವಾಗಿ ದೂರವಿಡುತ್ತಿದ್ದ ಜಾಗ ಅದು. ಒಂದು ಕಾಲದಲ್ಲಿ ಮದ್ದಿನ ಕಾರ್ಖಾನೆಯಾಗಿದ್ದ ಅಲ್ಲಿ, ಆಗ ಸುಮಾರು 5,000 ಹೆಂಗಸರಿದ್ದರು. ಮುದುಕಿಯರು, ಬಡವರು, ಮನಸ್ಸು ಕೆಟ್ಟವರು, ವಾಸಿಯಾಗದ ಕಾಯಿಲೆಯವರು. ಅವರಲ್ಲಿ ಹೆಚ್ಚಿನವರಿಗೆ ಹೊರಗೆ ಹೋಗಲು ಬೇರೆ ಮನೆಯಿರಲಿಲ್ಲ.

ಶಾರ್ಕೋ ತನ್ನ ಗೆಳೆಯ ವುಲ್ಪಿಯಾಂ ಜೊತೆ ಸೇರಿ ವಾರ್ಡ್‌ನಿಂದ ವಾರ್ಡ್‌ಗೆ ಹೋಗಿ ರೋಗಿಗಳನ್ನು ಪರೀಕ್ಷಿಸಿ, ಒಬ್ಬೊಬ್ಬರ ವಿವರವನ್ನೂ ಬರೆದಿಟ್ಟ. ಬೇರೆ ಆಸ್ಪತ್ರೆಗಳಲ್ಲಿ ರೋಗಿ ಕೆಲವು ವಾರ ಇದ್ದು ಹೋಗಿಬಿಡುತ್ತಿದ್ದ. ಇಲ್ಲಿ ಹತ್ತು ಹದಿನೈದು ವರ್ಷ ಒಬ್ಬಳನ್ನೇ ನೋಡಬಹುದಿತ್ತು. ಆಕೆ ತೀರಿಕೊಂಡ ಮೇಲೆ ಮಿದುಳನ್ನೂ ಮಿದುಳುಬಳ್ಳಿಯನ್ನೂ ತೆರೆದು, ಬದುಕಿದ್ದಾಗ ಬರೆದಿಟ್ಟದ್ದರ ಜೊತೆ ತಾಳೆ ನೋಡಬಹುದಿತ್ತು. ಕೇಳಲು ಕ್ರೂರವೆನಿಸುತ್ತದೆ. ಆದರೆ ನರರೋಗಗಳನ್ನು ಒಂದರಿಂದೊಂದು ಬೇರ್ಪಡಿಸಲು ಆ ಕಾಲಕ್ಕೆ ಇದ್ದ ಭರವಸೆಯ ದಾರಿ ಅದೊಂದೇ.

ಆಗಿನ ದೊಡ್ಡ ಗೊಂದಲ ನಡುಕದ್ದು. ಕೈ ನಡುಗುವವರೆಲ್ಲರಿಗೂ ಒಂದೇ ಕಾಯಿಲೆಯೆಂದು ವೈದ್ಯರು ತಿಳಿದಿದ್ದರು. ಶಾರ್ಕೋ ರೋಗಿಯನ್ನು ಎದುರು ಕೂರಿಸಿಕೊಂಡು ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದ. ಕೆಲವರ ಕೈ ತೊಡೆಯ ಮೇಲೆ ಸುಮ್ಮನಿದ್ದಾಗಲೂ ನಡುಗುತ್ತಿತ್ತು. ಇನ್ನು ಕೆಲವರ ಕೈ ಸುಮ್ಮನಿದ್ದಾಗ ಸರಿಯಾಗಿಯೇ ಇತ್ತು, ನೀರಿನ ಲೋಟ ಎತ್ತಿ ಬಾಯಿಗೆ ಒಯ್ಯುವಾಗ ಮಾತ್ರ ನಡುಗಿ, ತುಟಿಯ ಹತ್ತಿರ ಬರುವಷ್ಟರಲ್ಲಿ ನೀರೆಲ್ಲ ಚೆಲ್ಲುತ್ತಿತ್ತು. ಮೊದಲನೆಯದಕ್ಕೆ, ಅದನ್ನು ಹಿಂದೆಯೇ ವರ್ಣಿಸಿದ್ದ ಇಂಗ್ಲೆಂಡಿನ ವೈದ್ಯನ ಹೆಸರು ಹಿಡಿದು ಪಾರ್ಕಿನ್ಸನ್ ಕಾಯಿಲೆ ಎಂದ. ಎರಡನೆಯದು ಬೇರೆಯೇ ಎಂದು ತೋರಿಸಿದ. ಹಿಂದಿನ ಸಾಲಿನ ವಿದ್ಯಾರ್ಥಿಗಳಿಗೂ ನಡುಕದ ವ್ಯತ್ಯಾಸ ಕಾಣಲೆಂದು ರೋಗಿಗಳ ತಲೆಗೆ ಉದ್ದನೆಯ ಗರಿ ಸಿಕ್ಕಿಸಿ ಪಾಠ ಮಾಡುತ್ತಿದ್ದ.

ಅವನ ಮನೆಕೆಲಸದವಳ ಕಥೆಯೊಂದನ್ನು ಜೀವನಚರಿತ್ರೆಕಾರರು ಹೇಳುತ್ತಾರೆ. ಅವಳ ಕೈ ವಿಚಿತ್ರವಾಗಿ ನಡುಗುತ್ತಿತ್ತು, ದಿನವೂ ತಟ್ಟೆ ಬಟ್ಟಲು ಒಡೆಯುತ್ತಿದ್ದವು. ಶಾರ್ಕೋ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಕಾಯಿಲೆ ಹೇಗೆ ಬೆಳೆಯುತ್ತದೆಂದು ವರ್ಷಗಟ್ಟಲೆ ಗಮನಿಸಿದ. ಕೊನೆಗೆ ಅವಳು ಸಾಲ್ಪೆಟ್ರಿಯೇರ್ ಸೇರಿ ಅಲ್ಲೇ ತೀರಿಕೊಂಡಾಗ, ಅವಳ ನರಮಂಡಲದಲ್ಲಿ ಅಲ್ಲಲ್ಲಿ ಗಟ್ಟಿಯಾದ ಬೂದುಬಣ್ಣದ ಕಲೆಗಳು ಸಿಕ್ಕವು. ಕರುಣೆಯೋ ಕುತೂಹಲವೋ, ಎರಡನ್ನೂ ಬೇರೆ ಮಾಡಿ ಹೇಳುವುದು ಕಷ್ಟ.

1868ರಲ್ಲಿ ಶಾರ್ಕೋ ಈ ಕಾಯಿಲೆಯನ್ನು ಪೂರ್ತಿಯಾಗಿ ವರ್ಣಿಸಿದ. ಇವತ್ತು ನಾವು ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂ.ಎಸ್. ಎನ್ನುವುದು ಇದನ್ನೇ. ಆ ಕಲೆಗಳನ್ನು ಮೊದಲು ಕಂಡವನು ಅವನಲ್ಲ. ಕಾರ್ಸ್‌ವೆಲ್, ಕ್ರುವೆಯಿಯೆ ಎಂಬ ಇಬ್ಬರು ಮೂವತ್ತು ವರ್ಷ ಮುಂಚೆಯೇ ಅವುಗಳ ಚಿತ್ರ ಬರೆದಿದ್ದರು. ಕಲೆಗೂ ಲೋಟ ಎತ್ತಲಾಗದ ಕೈಗೂ ಸಂಬಂಧ ಜೋಡಿಸಿದ್ದು ಶಾರ್ಕೋ. ಅಷ್ಟೇ ಅಲ್ಲ, ಕಲೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ, ಒಳಗಿನ ನರತಂತುಗಳು ಬಹುಪಾಲು ಉಳಿದಿದ್ದು ಅವುಗಳ ಮೇಲಿನ ಹೊದಿಕೆ ಮಾತ್ರ ಹೋಗಿರುವುದನ್ನು ಗುರುತಿಸಿ ಚಿತ್ರ ಬರೆದ.

ಆ ಹೊದಿಕೆಯ ಹೆಸರು ಮಯಲಿನ್. ಹೆಸರಿಟ್ಟವನು ಜರ್ಮನಿಯ ವಿರ್ಕೋ, 1854ರಲ್ಲಿ. ನರತಂತುವಿಗೆ ಪದರ ಪದರವಾಗಿ ಸುತ್ತಿಕೊಂಡ ಕೊಬ್ಬು ಎನ್ನಿ. ಹೊದಿಕೆಯಿರುವ ದಪ್ಪ ತಂತುವಿನಲ್ಲಿ ಸಂಕೇತ ಸೆಕೆಂಡಿಗೆ 100 ಮೀಟರ್‌ವರೆಗೂ ಓಡುತ್ತದೆ. ಹುಟ್ಟಿನಿಂದಲೇ ಹೊದಿಕೆಯಿಲ್ಲದ ಸಣ್ಣ ತಂತುಗಳಲ್ಲಿ ಅದರ ವೇಗ ಸುಮಾರು ಒಂದು ಮೀಟರ್. ಇದ್ದ ಹೊದಿಕೆ ಹರಿದುಹೋದರೆ ಸಂಕೇತ ತಡವಾಗುತ್ತದೆ, ಇಲ್ಲವೇ ದಾರಿಯಲ್ಲೇ ನಿಲ್ಲುತ್ತದೆ. ಆಗ ಕಣ್ಣು ಮಂಜಾಗುತ್ತದೆ, ಮಾತು ಬಿಡಿಬಿಡಿಯಾಗುತ್ತದೆ, ಕಾಲು ಹೇಳಿದ ಮಾತು ಕೇಳುವುದಿಲ್ಲ. ಶಾರ್ಕೋ ಚಿನ್ನದ ಲವಣ, ಬೆಳ್ಳಿಯ ಲವಣ ಎಲ್ಲ ಕೊಟ್ಟು ನೋಡಿದ. ಯಾವುದೂ ನಾಟಲಿಲ್ಲ.

ಕೀರ್ತಿ ಮಾತ್ರ ಏರುತ್ತಲೇ ಹೋಯಿತು. 1882ರಲ್ಲಿ ನರರೋಗಗಳಿಗೆಂದೇ ಪ್ರಾಧ್ಯಾಪಕ ಪೀಠವೊಂದನ್ನು ಸರ್ಕಾರ ಅವನಿಗಾಗಿ ಸೃಷ್ಟಿಸಿತು. ಪಾಠ ಕೇಳಲು ಡಾಕ್ಟರುಗಳ ಜೊತೆ ಲೇಖಕರು, ನಟನಟಿಯರೂ ಬರತೊಡಗಿದರು. 1885ರಲ್ಲಿ ವಿಯೆನ್ನಾದಿಂದ ಬಂದ ತರುಣ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಎಷ್ಟು ಮರುಳಾದನೆಂದರೆ, ಮುಂದೆ ತನ್ನ ಹಿರಿಮಗನಿಗೆ ಶಾರ್ಕೋನ ಹೆಸರನ್ನೇ ಇಟ್ಟ. ಅಷ್ಟರಲ್ಲಿ ಶಾರ್ಕೋ ಹಿಸ್ಟೀರಿಯಾದ ಕಡೆ ತಿರುಗಿದ್ದ. ತುಂಬಿದ ಸಭೆಯ ಮುಂದೆ ಹೆಂಗಸರನ್ನು ಸಮ್ಮೋಹನಕ್ಕೆ ಒಳಪಡಿಸಿ, ಅವರ ಕೈಕಾಲು ಸೆಟೆದು ನಿಲ್ಲುವುದನ್ನು ತೋರಿಸುತ್ತಿದ್ದ. ಇದೂ ನರಗಳ ಕಾಯಿಲೆಯೇ, ಇದಕ್ಕೂ ನಿಯಮಗಳಿವೆ ಎಂಬುದು ಅವನ ವಾದ. ಆದರೆ ಈ ಸಲ, ಸತ್ತ ಮೇಲೆ ತೆರೆದು ನೋಡಿದರೆ ಮಿದುಳಿನಲ್ಲಿ ಏನೂ ಸಿಗುತ್ತಿರಲಿಲ್ಲ. ಡಾಕ್ಟರಿಗೆ ಏನು ಬೇಕೆಂದು ರೋಗಿಗಳಿಗೂ ಸಹಾಯಕರಿಗೂ ಗೊತ್ತಾಗಿಬಿಟ್ಟಿತ್ತು. ನಾನ್ಸಿ ನಗರದ ಬರ್ನ್‌ಹೈಮ್ ಎಂಬ ಪ್ರಾಧ್ಯಾಪಕ, ಇದೆಲ್ಲ ಸೂಚನೆಯ ಪ್ರಭಾವವಷ್ಟೇ ಎಂದು ಬಹಿರಂಗವಾಗಿ ವಾದಿಸಿದ. ಅವನ ಮಾತಿಗೇ ಬೆಲೆ ಬಂತು.

ಕಣ್ಣು ಅದೇ, ಶ್ರದ್ಧೆಯೂ ಅದೇ. ಎಂ.ಎಸ್. ವಿಷಯದಲ್ಲಿ ಅವನು ಊಹಿಸಿದ್ದು ತಪ್ಪಾಗಿದ್ದರೆ ಮಿದುಳಿನ ಅಂಗಾಂಶವೇ ಅವನನ್ನು ತಿದ್ದುತ್ತಿತ್ತು. ಹಿಸ್ಟೀರಿಯಾದಲ್ಲಿ ತಿದ್ದುವವರು ಯಾರೂ ಇರಲಿಲ್ಲ. ಅಷ್ಟು ದೊಡ್ಡ ಮನುಷ್ಯ ಮುಗ್ಗರಿಸಿದ್ದು ಅಲ್ಲೇ ಎಂದು ನನಗನಿಸುತ್ತದೆ.

1893ರ ಆಗಸ್ಟ್ 16ರಂದು, ಪ್ರವಾಸಕ್ಕೆ ಹೋಗಿದ್ದ ಶಾರ್ಕೋ ಸೆತ್ತೋಂ ಸರೋವರದ ಬಳಿ ತೀರಿಕೊಂಡ. ಎಕ್ಸ್-ರೇ ಬಂದದ್ದು ಅದಾಗಿ ಎರಡು ವರ್ಷಕ್ಕೆ. ಅದರಲ್ಲಿಯೂ ಕಂಡದ್ದು ಮೂಳೆ, ಮಯಲಿನ್ ಅಲ್ಲ. ಬದುಕಿರುವವರ ಮಿದುಳಿನಲ್ಲಿ ಆ ಕಲೆಗಳನ್ನು ಚೆನ್ನಾಗಿ ತೋರಿಸಿದ್ದು ಎಂ.ಆರ್.ಐ. 1981ರಲ್ಲಿ ಲಂಡನ್‌ನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ತಂಡವೊಂದು ಎಂ.ಎಸ್. ರೋಗಿಗಳನ್ನು ಸ್ಕ್ಯಾನ್ ಮಾಡಿದಾಗ, ಸಿ.ಟಿ. ಸ್ಕ್ಯಾನ್‌ನಲ್ಲಿ ಕಂಡದ್ದಕ್ಕಿಂತ ಎಷ್ಟೋ ಹೆಚ್ಚು ಕಲೆಗಳು ಕಂಡವು.

ಆದರೆ ಸಾಮಾನ್ಯ ಎಂ.ಆರ್.ಐ. ಚಿತ್ರದ ಬಿಳಿ ಚುಕ್ಕೆಯೂ ಪೂರ್ತಿ ಸತ್ಯ ಹೇಳುವುದಿಲ್ಲ. ಅಲ್ಲಿ ಏನೋ ಕೆಟ್ಟಿದೆ ಎನ್ನುತ್ತದೆ. ಬಾವಿನ ನೀರು ತುಂಬಿದೆಯೋ, ಹೊದಿಕೆ ಹೋಗಿದೆಯೋ, ಗಾಯ ಒಣಗಿ ಗಟ್ಟಿಯಾಗಿದೆಯೋ ಎಂದು ಬಿಡಿಸಿ ಹೇಳುವುದಿಲ್ಲ. ಇದಕ್ಕೆ ಕೆನಡಾದ ವ್ಯಾಂಕೂವರ್‌ನ ವಿಜ್ಞಾನಿಗಳು 1994ರಲ್ಲಿ ಒಂದು ಉಪಾಯ ತೋರಿಸಿದರು. ಎಂ.ಆರ್.ಐ. ಹಿಡಿಯುವುದು ಮುಖ್ಯವಾಗಿ ನೀರಿನ ಸಂಕೇತವನ್ನು. ಮಯಲಿನ್ ಪದರಗಳ ಮಧ್ಯೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ನೀರಿನ ಸಂಕೇತ ಸುಮಾರು 20 ಮಿಲಿಸೆಕೆಂಡಿನಷ್ಟರಲ್ಲೇ ಕುಗ್ಗುತ್ತದೆ. ಆಚೀಚೆ ಆರಾಮಾಗಿರುವ ನೀರಿನದು ಅದರ ನಾಲ್ಕು ಪಟ್ಟು ಹೊತ್ತು ಉಳಿಯುತ್ತದೆ. ಎರಡನ್ನೂ ಬೇರ್ಪಡಿಸಿ, ಒಟ್ಟು ನೀರಿನಲ್ಲಿ ಬೇಗ ಕುಗ್ಗುವ ಪಾಲೆಷ್ಟು ಎಂದು ಲೆಕ್ಕ ಹಾಕಿದರೆ ಆ ಜಾಗದಲ್ಲಿ ಮಯಲಿನ್ ಎಷ್ಟಿದೆ ಎಂಬ ಅಂದಾಜು ಸಿಗುತ್ತದೆ. ಚಿತ್ರದ ಜೊತೆಗೆ ಒಂದು ಅಂಕಿಯೂ ಕೈಗೆ ಬರುತ್ತದೆ. ಹಾಗೆಂದು ಕಣ್ಣುಮುಚ್ಚಿ ನಂಬುವಂತಿಲ್ಲ. ಬಾವು ಬಂದು ಸುತ್ತಲಿನ ನೀರು ಹೆಚ್ಚಾದರೆ, ಮಯಲಿನ್ ಹಾಗೇ ಇದ್ದರೂ ಅಂಕಿ ಇಳಿಯುತ್ತದೆ. ಹಾಗಾಗಿ ಇದನ್ನು ದಾನ ಬಂದ ಮಿದುಳುಗಳ ಮೇಲೆ ಪರೀಕ್ಷಿಸಿ, ಮಯಲಿನ್‌ಗೆ ಬಣ್ಣ ಹಿಡಿಸಿ ಸೂಕ್ಷ್ಮದರ್ಶಕದಲ್ಲಿ ಕಂಡದ್ದಕ್ಕೆ ಹೋಲಿಸಿದರು. ಶಾರ್ಕೋನ ಹಳೆಯ ವಿಧಾನವೇ.

ಈಗ ಈ ಅಳತೆಯ ತುರ್ತು ಹೆಚ್ಚಾಗಿದೆ. ಎಂ.ಎಸ್. ಬಹುಪಾಲು ಶುರುವಾಗುವುದು 20ರಿಂದ 40ರ ವಯಸ್ಸಿನೊಳಗೆ, ಓದು ಮುಗಿಸಿ ಕೆಲಸ ಹುಡುಕುವ ಹೊತ್ತಿನಲ್ಲಿ. ಹೊಸ ದಾಳಿಗಳನ್ನು ಕಡಿಮೆ ಮಾಡುವ ಔಷಧಗಳು ಬಂದಿವೆ. ಹೋದ ಹೊದಿಕೆಯನ್ನು ಮತ್ತೆ ಬೆಳೆಸುವ ಔಷಧಕ್ಕಾಗಿ ಪ್ರಯೋಗಗಳು ನಡೆಯುತ್ತಿವೆ. ಬೆಳೆಯಿತೋ ಇಲ್ಲವೋ ಎಂದು ತಿಳಿಯಲು ಯಾರೂ ಸಾಯುವವರೆಗೆ ಕಾಯುವಂತಿಲ್ಲ.

ಸಾಲ್ಪೆಟ್ರಿಯೇರ್ ಈಗ ಪ್ಯಾರಿಸ್‌ನ ದೊಡ್ಡ ಆಸ್ಪತ್ರೆಯೊಂದರ ಭಾಗ. ಅದೇ ಆವರಣದಲ್ಲಿ 2010ರಿಂದ ಮಿದುಳು ಸಂಶೋಧನಾ ಸಂಸ್ಥೆಯೊಂದಿದೆ. ಬದುಕಿರುವವರಲ್ಲಿ ಮಯಲಿನ್ ನಷ್ಟವನ್ನೂ ಮರುಬೆಳವಣಿಗೆಯನ್ನೂ ಅಳೆಯುವ ಕೆಲಸ ಅಲ್ಲಿಯೂ ನಡೆಯುತ್ತದೆ. ಎಂ.ಎಸ್. ಇರುವವರು ಬಂದು ಸ್ಕ್ಯಾನರ್‌ನೊಳಗೆ ಅಲುಗದೆ ಮಲಗುತ್ತಾರೆ. ಮುಗಿದ ಮೇಲೆ ಎದ್ದು ಮನೆಗೆ ಹೋಗುತ್ತಾರೆ, ಕೆಲವು ತಿಂಗಳ ನಂತರ ಮತ್ತೆ ಅಳೆಸಿಕೊಳ್ಳಲು ಬರುತ್ತಾರೆ.