ಒದೆಯದ ಕೋವಿ

ಕೋವಿಯ ಒದೆತವನ್ನು ಉಂಡವರೇ ಬಲ್ಲರು. ಬಾಲ್ಯದಲ್ಲಿ ಹಿರಿಯರೊಬ್ಬರ ತೋಟಾಕೋವಿಯನ್ನು ಹಾರಿಸಿ ನಾನು ಪಡೆದ ಹೆಗಲುನೋವು ಎರಡು ದಿನದಲ್ಲಿ ಇಳಿಯಿತು. ಅಂಜಿಕೆ ಮಾತ್ರ ಇಳಿಯಲಿಲ್ಲ. ಮುಂದೆ ಪ್ರತಿಸಲವೂ ಗುಂಡು ಹೊರಡುವ ಮೊದಲೇ ಕಣ್ಣು ಮುಚ್ಚುತ್ತಿತ್ತು, ಗುರಿ ತಪ್ಪುತ್ತಿತ್ತು. ಕರಮೋಜೋ ಬೆಲ್ ಎಂದು ಹೆಸರಾದ ಬೇಟೆಗಾರನ ಜೀವನವನ್ನು ನಾನು ಅಷ್ಟೊಂದು ಆಸಕ್ತಿಯಿಂದ ಓದಿದ್ದಕ್ಕೆ ಈ ಹಳೆಯ ಅಂಜಿಕೆಯೇ ಕಾರಣ.

ವಾಲ್ಟರ್ ಬೆಲ್ 1880ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದನು. ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು, ಶಾಲೆಗೆ ಒಗ್ಗದೆ ಹಡಗು ಹತ್ತಿದನು. ಕ್ಲಾಂಡೈಕಿನ ಚಿನ್ನ, ಬೋಯರ್ ಯುದ್ಧ ಎಲ್ಲವನ್ನೂ ಕಂಡ ಮೇಲೆ ಯುಗಾಂಡದ ಈಶಾನ್ಯ ಮೂಲೆಯ ಕರಮೋಜ ಪ್ರಾಂತವನ್ನು ಹೊಕ್ಕನು. ಅವನು ಅರಸಿ ಹೋದುದು ದಂತವನ್ನು.

ಆ ಕಾಲದಲ್ಲಿ ಆನೆಯ ಬೇಟೆಯೆಂದರೆ ಜೋಡುನಳಿಗೆಯ ಭಾರಿ ರೈಫಲ್. ಅಂಥ ದೊಡ್ಡದೊಂದರ ಗುಂಡು 58 ಗ್ರಾಂ ತೂಗುತ್ತಿತ್ತು. ಬೆಲ್ ಹೆಚ್ಚಾಗಿ ನೆಚ್ಚಿದ್ದು 7 ಮಿಲಿಮೀಟರಿನ ಮೌಸರ್ ತೋಟಾವನ್ನು. ಅದರ ಗುಂಡು ಸುಮಾರು 11 ಗ್ರಾಂ. ಸೈನಿಕರಿಗೆಂದು ತಯಾರಾದ ತೋಟಾ ಅದು. ಗುಂಡಿಗೆ ಗಟ್ಟಿ ಲೋಹದ ಹೊದಿಕೆಯಿದ್ದುದರಿಂದ ಚಪ್ಪಟೆಯಾಗದೆ ಮೂಳೆಯನ್ನು ತೂರಿ ನೇರವಾಗಿ ಸಾಗುತ್ತಿತ್ತು. ಒದೆತ ಮೃದು, ಹಾರಿಸುವವನು ಬೆಚ್ಚುವುದಿಲ್ಲ, ಎರಡನೆಯ ಗುಂಡಿಗೂ ಕಣ್ಣು ಗುರಿಯ ಮೇಲೆಯೇ ಇರುತ್ತದೆ. ಆದರೆ ಸಣ್ಣ ಗುಂಡು ತಪ್ಪನ್ನು ಮನ್ನಿಸುವುದಿಲ್ಲ. ಆದುದರಿಂದ ಅವನು ಸತ್ತ ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿ, ಆ ಮೂಳೆಯ ರಾಶಿಯೊಳಗೆ ಮಿದುಳು ಎಲ್ಲಿ ಅಡಗಿದೆಯೆಂದು ವಿದ್ಯಾರ್ಥಿಯಂತೆ ಅಭ್ಯಾಸ ಮಾಡಿದನು.

ಅವನು ಕೊಂದ ಆನೆಗಳು 1,011; ಅವುಗಳಲ್ಲಿ ಸುಮಾರು 800 ಈ ಪುಟ್ಟ ತೋಟಾಕ್ಕೆ ಬಿದ್ದವು. ಇಲ್ಲಿಗೆ ಬಂದಾಗ ನನ್ನ ಮೆಚ್ಚುಗೆ ತಡೆದು ನಿಂತಿತು. ಗಾಯಗೊಂಡು ಅಲೆಯುವ ಸಂಕಟವನ್ನು ಎಷ್ಟೋ ಆನೆಗಳಿಗೆ ತಪ್ಪಿಸಿದ ಆ ಮೃದುತ್ವವೇ, ಬೇಟೆಗಾರನ ಹೆಗಲನ್ನು ದಣಿಯಗೊಡದೆ, ಲೆಕ್ಕವನ್ನು ಸಾವಿರ ದಾಟಿಸಿತಲ್ಲವೇ? ಕೋವಿ ಒದೆಯುತ್ತಿದ್ದರೆ ಕೆಲವಾದರೂ ಉಳಿಯುತ್ತಿದ್ದವೇನೋ. ಅಥವಾ ಗುಂಡನ್ನು ಮೈಯಲ್ಲಿ ಹೊತ್ತು ಎಲ್ಲಿಯೋ ಸಾಯುತ್ತಿದ್ದವೋ. ಯಾವುದು ಮೇಲೆಂದು ನಾನು ಹೇಳಲಾರೆ. ಅವನ ತೋಟಾವನ್ನು ಯಾರೂ ಕೊಳ್ಳಬಹುದು, ಅವನ ಕೈಯನ್ನಲ್ಲ. ಆಫ್ರಿಕದ ಹಲವು ದೇಶಗಳು ಮುಂದೆ ಆನೆಬೇಟೆಗೆ ಅಷ್ಟು ಸಣ್ಣ ತೋಟಾವನ್ನು ಕಾನೂನಿನಿಂದಲೇ ನಿಷೇಧಿಸಿದವು.

ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿದ ಬೆಲ್, 1923ರಲ್ಲಿ ತನ್ನ ಅಲೆದಾಟದ ಪುಸ್ತಕವನ್ನು ಪ್ರಕಟಿಸಿದನು. ಕೊನೆಗಾಲದಲ್ಲಿ ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಜಿಂಕೆಗಳನ್ನು ಅರಸುವಾಗ ಅವನ ಕೈಯಲ್ಲಿದ್ದುದು ಇನ್ನೂ ಸಣ್ಣ ತೋಟಾದ ರೈಫಲ್. 1954ರಲ್ಲಿ ಅಲ್ಲಿಯೇ ತೀರಿಕೊಂಡನು.