ತಣ್ಣನೆಯ ಬೆಳಕಿನ ಪಂಡಿತ ರಫಾಯೆಲ್ ದುಬ್ವಾ

ಮೊದಲ ಮಳೆ ಬಿದ್ದು ನಾಲ್ಕಾರು ದಿನಗಳಾದ ಮೇಲೆ ನಮ್ಮ ಹುಲಿಕಲ್ಲಿನ ಘಾಟಿಯಂಚಿನ ಮರಗಳಲ್ಲಿ ಮಿಂಚುಹುಳುಗಳು ರಾಶಿರಾಶಿಯಾಗಿ ಕೂಡುತ್ತವೆ. ಚಿಕ್ಕಂದಿನಲ್ಲಿ ನಾವು ಅವುಗಳನ್ನು ಹಿಡಿದು ಗಾಜಿನ ಶೀಶೆಗೆ ತುಂಬಿ, ಕರೆಂಟು ಹೋದ ರಾತ್ರಿ ಆ ಬೆಳಕಿನಲ್ಲಿ ಮಗ್ಗಿಪುಸ್ತಕ ಓದಲು ಯತ್ನಿಸಿದ್ದುಂಟು. ಎರಡು ಸಾಲು ದಾಟುತ್ತಿರಲಿಲ್ಲ. ಆದರೆ ಶೀಶೆ ಬಿಸಿಯಾಗುತ್ತಿರಲಿಲ್ಲವೆಂಬುದೇ ನಮಗೆ ಸೋಜಿಗ. ದೀಪವೆಂದಮೇಲೆ ಸುಡಬೇಕಲ್ಲವೆ? ಅದು ದೇವರು ಹಚ್ಚಿದ ದೀಪವೆಂದು ಅಜ್ಜಿ ನಮ್ಮ ಬಾಯಿ ಮುಚ್ಚಿಸುತ್ತಿದ್ದಳು. ಈ ಪ್ರಶ್ನೆಯನ್ನೇ ಹಿಡಿದು ಬಾಳಿನ ಬಹುಭಾಗವನ್ನು ಕಳೆದ ಫ್ರೆಂಚ್ ವಿದ್ವಾಂಸನೊಬ್ಬನ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಇತಿಹಾಸ ಓದುವ ಬಿ.ಎ. ವಿದ್ಯಾರ್ಥಿಗೆ ಹುಳುಗಳ ಉಸಾಬರಿ ಏಕೆಂದು ಮಿತ್ರರು ಕೇಳಬಹುದು. ಕಾರಣವುಂಟು, ಮುಂದೆ ಹೇಳುತ್ತೇನೆ.

ರಫಾಯೆಲ್ ದುಬ್ವಾ ೧೮೪೯ನೆಯ ಇಸವಿ ಜೂನ್ ೨೦ರಂದು ಫ್ರಾನ್ಸಿನ ಲ ಮಾನ್ ಪಟ್ಟಣದಲ್ಲಿ ಜನಿಸಿದನು. ಪ್ಯಾರಿಸಿನಲ್ಲಿ ಪಾಲ್ ಬೇರ್ ಎಂಬ ಹೆಸರಾಂತ ಶರೀರಶಾಸ್ತ್ರಜ್ಞನ ಕೈಕೆಳಗೆ ಸಹಾಯಕನಾಗಿ ದುಡಿದನು. ಶಸ್ತ್ರಚಿಕಿತ್ಸೆಯಲ್ಲಿ ರೋಗಿಗೆ ಕೊಡುವ ಕ್ಲೋರೋಫಾರಮ್ಮನ್ನು ಗಾಳಿಯೊಡನೆ ಅಳತೆಗೆ ತಕ್ಕಂತೆ ಬೆರೆಸುವ ಯಂತ್ರವೊಂದನ್ನು ರೂಪಿಸಿದನು. ೧೮೮೭ರಲ್ಲಿ ಲಿಯೋನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದನು. ಚಳಿಗಾಲವೆಲ್ಲ ಬಿಲದಲ್ಲಿ ನಿದ್ರಿಸುವ ಮಾರ್ಮಟ್ ಎಂಬ ಪ್ರಾಣಿಯ ನಿದ್ರೆಯನ್ನು ಕುರಿತೂ ವರ್ಷಗಟ್ಟಲೆ ಪ್ರಯೋಗ ನಡೆಸಿದನು. ಇವೆಲ್ಲವೂ ದೊಡ್ಡ ಕೆಲಸಗಳೇ. ಆದರೆ ಇಂದು ಆತನ ಹೆಸರು ಉಳಿದಿರುವುದು ಒಂದು ದುಂಬಿಯಿಂದ ಮತ್ತು ಒಂದು ಚಿಪ್ಪಿಜೀವಿಯಿಂದ.

ವೆಸ್ಟ್ ಇಂಡೀಸ್ ಕಡೆಯ ಪೈರೋಫೋರಸ್ ಎಂಬ ದುಂಬಿಗೆ ಎದೆಯ ಮೇಲೆ ಎರಡು ದೀಪಗಳಿವೆ. ೧೮೮೫ರಲ್ಲಿ ದುಬ್ವಾ ಇದರ ಬೆಳಕಿನ ಅಂಗಗಳನ್ನು ತೆಗೆದುಕೊಂಡನು. ಒಂದನ್ನು ತಣ್ಣೀರಿನಲ್ಲಿ ಅರೆದಾಗ ಆ ರಸ ಕೊಂಚ ಹೊತ್ತು ಹೊಳೆದು ಆರಿತು. ಇನ್ನೊಂದನ್ನು ಬಿಸಿನೀರಿಗೆ ಹಾಕಿದಾಗ ಅದೂ ಆರಿತು. ಆರಿದ ಎರಡನ್ನೂ ಕೂಡಿಸಿದಾಗ ಮತ್ತೆ ಬೆಳಕು ಬಂದಿತು! ನಮ್ಮ ಮನೆಯ ಅಡಿಗೆಯವರಿಗೂ ಮಾಡಲು ಬರುವಷ್ಟು ಸರಳವಾದ ಪ್ರಯೋಗವಿದು. ಅದರಿಂದ ಆತನು ತೆಗೆದ ಅರ್ಥ ಮಾತ್ರ ಸರಳವಲ್ಲ. ಬೆಳಕಿಗೆ ಎರಡು ವಸ್ತುಗಳು ಬೇಕು. ಒಂದು ಉರಿದು ಮುಗಿಯುವಂಥದು, ದೀಪದ ಎಣ್ಣೆಯ ಹಾಗೆ. ಇದು ಬಿಸಿಯನ್ನು ತಾಳಿಕೊಳ್ಳುತ್ತದೆ. ಇನ್ನೊಂದು ತಾನು ಮುಗಿಯದೆ ಮೊದಲನೆಯದನ್ನು ಉರಿಸುವಂಥದು. ಇದು ಬಿಸಿಗೆ ಕೆಡುತ್ತದೆ. ತಣ್ಣೀರಿನ ರಸದಲ್ಲಿ ಎಣ್ಣೆ ಮುಗಿದಿತ್ತು, ಉರಿಸುವುದು ಉಳಿದಿತ್ತು. ಬಿಸಿನೀರಿನದರಲ್ಲಿ ಉರಿಸುವುದು ಕೆಟ್ಟಿತ್ತು, ಎಣ್ಣೆ ಉಳಿದಿತ್ತು. ೧೮೮೭ರಲ್ಲಿ, ಬಂಡೆ ಕೊರೆದು ಬಾಳುವ ಫೋಲಾಸ್ ಎಂಬ ಚಿಪ್ಪಿಜೀವಿಯಲ್ಲಿಯೂ ಇದನ್ನೇ ಕಂಡು, ಮೊದಲನೆಯದಕ್ಕೆ ಲ್ಯೂಸಿಫೆರಿನ್ ಎಂದೂ ಎರಡನೆಯ ಕಿಣ್ವಕ್ಕೆ ಲ್ಯೂಸಿಫೆರೇಸ್ ಎಂದೂ ಹೆಸರಿಟ್ಟನು. ಬೆಳಕನ್ನು ಹೊರುವುದೆಂಬ ಅರ್ಥದ ಲ್ಯಾಟಿನ್ ಪದವೇ ಇವುಗಳ ಮೂಲ.

ದುಬ್ವಾನಿಗೂ ನಮ್ಮ ಶೀಶೆಯ ಹುಚ್ಚು ಇತ್ತೆಂದು ತಿಳಿದಾಗ ನನಗೆ ನಗು ಬಂದಿತು. ೧೯೦೦ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ, ಹೊಳೆಯುವ ಬ್ಯಾಕ್ಟೀರಿಯಗಳನ್ನು ಗಾಜಿನ ಪಾತ್ರೆಗಳಲ್ಲಿ ಬೆಳೆಸಿ ಆ ಬೆಳಕಿನಿಂದಲೇ ಒಂದು ಕೋಣೆಯನ್ನು ಬೆಳಗಿಸಿ ತೋರಿಸಿದನು. ಸುಡದ ಈ ದೀಪ ಲೋಕಕ್ಕೆ ಒದಗೀತೆಂಬ ಆಸೆ ಆತನದು. ಅದೇ ಪ್ರದರ್ಶನವನ್ನು ವಿದ್ಯುದ್ದೀಪಗಳು ಹಗಲು ಮಾಡಿದ್ದವು. ಜೀವದೀಪ ಯಾವ ಮನೆಯನ್ನೂ ಸೇರಲಿಲ್ಲ. ಮೆಡಿಟರೇನಿಯನ್ ಕಡಲ ತೀರದ ತಮಾರಿಸ್ ಎಂಬಲ್ಲಿ ಆತನು ಸ್ಥಾಪಿಸಿದ ಸಮುದ್ರಜೀವಿಗಳ ಸಂಶೋಧನಾಲಯಕ್ಕೆ ನೆರವಾದವನು ಮಿಶೆಲ್ ಪಾಶಾ. ತುರ್ಕಿ ಸಾಮ್ರಾಜ್ಯದ ತೀರಗಳಲ್ಲಿ ದೀಪಸ್ತಂಭಗಳನ್ನು ಕಟ್ಟಿಸಿ ಹಣ ಮಾಡಿದ ಧನಿಕ. ತಮಾರಿಸಿನಲ್ಲಿಯೇ ದುಬ್ವಾ ೧೯೨೯ರ ಜನವರಿಯಲ್ಲಿ ತೀರಿಕೊಂಡನು. ವಂಶವಾಹಿ ಯಾವ ವಸ್ತುವಿನದೆಂಬುದೇ ಆಗ ಲೋಕಕ್ಕೆ ತಿಳಿದಿರಲಿಲ್ಲ. ತನ್ನ ಕಿಣ್ವ ಮುಂದೆ ಯಾವ ಕೆಲಸಕ್ಕೆ ಬಂದೀತೆಂದು ಆತನು ಊಹಿಸುವಂತಿರಲಿಲ್ಲ.

೧೯೪೭ರಲ್ಲಿ ಅಮೆರಿಕೆಯ ವಿಲಿಯಂ ಮೆಕೆಲ್‌ರಾಯ್, ಮಿಂಚುಹುಳುವಿನ ಬೆಳಕಿಗೆ ಜೀವಕೋಶದ ಶಕ್ತಿಯ ನಾಣ್ಯವಾದ ಎ.ಟಿ.ಪಿ. ಸಹ ಬೇಕೆಂದು ತೋರಿಸಿದನು. ಪ್ರಯೋಗಕ್ಕಾಗಿ ಆತನು ಬಾಲ್ಟಿಮೋರಿನ ಮಕ್ಕಳಿಗೆ ನೂರು ಹುಳುಗಳಿಗೆ ೨೫ ಸೆಂಟು ಕೊಟ್ಟು ಹಿಡಿಸುತ್ತಿದ್ದನಂತೆ. (ಆ ದರ ಇಲ್ಲಿದ್ದರೆ ಹುಲಿಕಲ್ಲಿನ ಮಕ್ಕಳು ಮಳೆಗಾಲದಲ್ಲಿ ಶಾಲೆಗೆ ಹೋಗುತ್ತಿರಲಿಲ್ಲ.) ೧೯೮೫ರಲ್ಲಿ ಈ ಹುಳುವಿನ ಲ್ಯೂಸಿಫೆರೇಸ್ ವಂಶವಾಹಿಯನ್ನು ಬ್ಯಾಕ್ಟೀರಿಯದೊಳಕ್ಕೆ ಸೇರಿಸಲಾಯಿತು, ೧೯೮೬ರಲ್ಲಿ ಹೊಗೆಸೊಪ್ಪಿನ ಗಿಡವೊಂದು ಕತ್ತಲಲ್ಲಿ ಹೊಳೆಯಿತು. ತಮಾಷೆಗಾಗಿ ಮಾಡಿದ್ದಲ್ಲ ಇದು. ಜೀವಕೋಶದಲ್ಲಿ ಒಂದು ವಂಶವಾಹಿ ಯಾವಾಗ ಎಚ್ಚರಗೊಳ್ಳುತ್ತದೆಂಬುದು ಕಣ್ಣಿಗೆ ಕಾಣದು. ಅದನ್ನು ಎಚ್ಚರಿಸುವ ಕೀಲಿಗೆ ಲ್ಯೂಸಿಫೆರೇಸಿನ ವಂಶವಾಹಿಯನ್ನು ಜೋಡಿಸಿದರೆ, ಕೀಲಿ ತಿರುಗಿದಾಗ ಆ ಕಿಣ್ವ ಹುಟ್ಟುತ್ತದೆ. ಲ್ಯೂಸಿಫೆರಿನ್ ಕೊಟ್ಟರೆ ಬೆಳಕು ಬರುತ್ತದೆ. ಎಷ್ಟು ಬೆಳಕೆಂಬುದನ್ನು ಉಪಕರಣದಿಂದ ಅಳೆಯಬಹುದು. ಜೀವಕೋಶದೊಳಗಿನ ಸುದ್ದಿಯನ್ನು ಹೊರಗೆ ತರುವ ವರದಿಗಾರನಿದು. ಜೀವಿಗಳಿಗೆ ಹೊಸ ಕೀಲಿಗಳನ್ನು ಜೋಡಿಸುವ ಸಂಶ್ಲೇಷಣಾ ಜೀವಶಾಸ್ತ್ರದವರು ತಮ್ಮ ಜೋಡಣೆ ಸರಿಯಾಗಿದೆಯೇ ಎಂದು ನೋಡುವುದಕ್ಕೂ ಇಂಥ ವರದಿಗಾರರನ್ನೇ ನಂಬುತ್ತಾರೆ. ೧೯೯೩ರಲ್ಲಿ ಕ್ಷಯದ ಬ್ಯಾಕ್ಟೀರಿಯಗಳಿಗೆ ಈ ವಂಶವಾಹಿಯನ್ನು ವೈರಸ್ಸಿನ ಮೂಲಕ ದಾಟಿಸಿ ನೋಡಿದರು. ಮದ್ದು ಹಾಕಿದ ಮೇಲೆ ಬೆಳಕು ಆರಿದರೆ ಆ ಮದ್ದು ಹಿಡಿಯಿತು. ಆರದಿದ್ದರೆ ಬೇರೆ ಮದ್ದು ಬೇಕು. ವಾರಗಟ್ಟಲೆ ಕಾಯಬೇಕಾಗಿದ್ದ ಉತ್ತರವನ್ನು ಕೆಲವೇ ದಿನಗಳಲ್ಲಿ ಪಡೆಯುವ ದಾರಿಯಿದು.

ಈಗ ನನ್ನ ಕಾರಣ. ನಾನು ಪಿಯುಸಿಯಲ್ಲಿದ್ದಾಗ, ಮಾಘಮಾಸದಲ್ಲಿ ಕೊಟ್ಟಿಗೆಗೆ ದರಗು ತರಲು ಕಾಡಿಗೆ ಹೋಗಿದ್ದ ಚಿಕ್ಕಪ್ಪನಿಗೆ ಜ್ವರ ಬಂದಿತು. ೧೯೫೭ರಲ್ಲಿ ನಮ್ಮ ಜಿಲ್ಲೆಯದೇ ಆದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ, ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಅನುಮಾನವಾಯಿತು. ರಕ್ತವನ್ನು ಪರೀಕ್ಷೆಗೆ ಕಳುಹಿಸಿದರು. ವರದಿ ಕೈಗೆ ಬಂದಾಗ ಮನೆಯಲ್ಲಿ ಸೂತಕವಿತ್ತು. ಬೇಗ ಬಂದಿದ್ದರೆ ಅವರು ಬದುಕುತ್ತಿದ್ದರೆಂದು ನಾನು ಹೇಳಲಾರೆ. ಆ ಕಾಯಿಲೆಗೆ ಇಂದಿಗೂ ನೇರವಾದ ಮದ್ದಿಲ್ಲ. ಆದರೆ ಏನೆಂದು ತಿಳಿಯದೆ ಕಾದ ಆ ದಿನಗಳನ್ನು ಚಿಕ್ಕಮ್ಮ ಮರೆತಿಲ್ಲ. ಆಮೇಲೆ ಆ ಕಾಯಿಲೆಯ ವಿಷಯ ಹುಡುಕಿ ಓದುತ್ತ ಹೋದಾಗ ತಿಳಿಯಿತು, ಅದರ ವೈರಸ್ಸು ಡೆಂಗೆಯ ವೈರಸ್ಸಿನ ಕುಲದ್ದು. ಡೆಂಗೆಯ ವೈರಸ್ಸಿಗೆ ಲ್ಯೂಸಿಫೆರೇಸ್ ಸೇರಿಸಿ, ಯಾವ ಔಷಧ ಆ ಬೆಳಕನ್ನು ಕುಗ್ಗಿಸುತ್ತದೆಂದು ಪ್ರಯೋಗಶಾಲೆಗಳಲ್ಲಿ ಹುಡುಕುತ್ತಿದ್ದಾರೆ. ಲ್ಯೂಸಿಫೆರೇಸ್ ಎಂಬ ಮಾತಿನ ಬೆನ್ನು ಹಿಡಿದೇ ನಾನು ದುಬ್ವಾನವರೆಗೆ ಹೋದದ್ದು.

ಕಳೆದ ಮಳೆಗಾಲದಲ್ಲಿ ಜಗಲಿಯಲ್ಲಿ ಕುಳಿತು ಇದನ್ನೆಲ್ಲ ಅಪ್ಪಯ್ಯನಿಗೆ ಹೇಳಿದೆನು. ಅವರು ಓದಿದ್ದು ನಾಲ್ಕನೆಯ ತರಗತಿ. ಅಡಿಕೆ ತೋಟದ ಕಡೆಗಿನ ಹುಳುಗಳನ್ನು ನೋಡುತ್ತ ಪೂರ್ತಿ ಕೇಳಿದರು. ಕೊನೆಗೆ, ಹಾಗಾದರೆ ನಮ್ಮ ಆಸ್ಪತ್ರೆಯಲ್ಲಿ ಈಗ ಈ ಬೆಳಕಿನ ಪರೀಕ್ಷೆ ಇದೆಯೇ ಎಂದು ಕೇಳಿದರು. ಇಲ್ಲವೆಂದೆನು. ಅವರು ಎದ್ದು ಕೊಟ್ಟಿಗೆಯ ಕಡೆಗೆ ಹೋದರು.